ಕ್ಯಾಥರಿನ್ ಎಡ್ಡಿಯನ್ನು ಏನಂತ ಕರೀಬೇಕು? ಮಿಲ್ಲರ್ ನಾಟಕ, ಗ್ರೀಕರ ಹಮಾರ್ಟಿಯಾ, ನಮ್ಮ ಚಿಕ್ಕಪ್ಪ

ನೇಪಥ್ಯ:

ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ತಂಡಕ್ಕೆ ಅಂತ ಆರ್ಥರ್ ಮಿಲ್ಲರ್ ಅವರ ‘ಎ ವ್ಯೂ ಫ್ರಮ್ ದ ಬ್ರಿಡ್ಜ್’ ನಾಟಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಒಂದು ಪದದ ಹತ್ತಿರ ಹದಿನೈದು ದಿನದಿಂದ ಸಿಕ್ಕಿಕೊಂಡಿದ್ದೇನೆ. ನಾಟಕ ಓದದವರಿಗೆ ಮೊದಲು ಕಥೆ ಹೇಳಿಬಿಡುತ್ತೇನೆ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರೆಡ್ ಹುಕ್ ಅಂತ ಬಂದರಿನ ಪಕ್ಕದ ಕೇರಿ. ಇಟಲಿಯಿಂದ ಬಂದವರು ಜಾಸ್ತಿ. ಎಡ್ಡಿ ಕಾರ್ಬೋನ್ ಅಲ್ಲಿ ಹಡಗಿನ ಸರಕು ಇಳಿಸುವ ಹಮಾಲಿ. ಹೆಂಡತಿ ಬಿಯಾಟ್ರಿಸ್. ಅವಳ ತೀರಿಹೋದ ಅಕ್ಕನ ಮಗಳು ಕ್ಯಾಥರಿನ್‌ಳನ್ನು ಇವರೇ ಸಾಕಿದ್ದಾರೆ. (ಅಕ್ಕನೋ ತಂಗಿಯೋ ಇಂಗ್ಲಿಷಿನಲ್ಲಿ ತಿಳಿಯೋದಿಲ್ಲ. ಅಕ್ಕ ಅಂತ ನಾನೇ ಮಾಡಿಕೊಂಡೆ.) ಹುಡುಗಿಗೆ ಈಗ 17. ಬಿಯಾಟ್ರಿಸ್ ಕಡೆಯ ನೆಂಟರು ಮಾರ್ಕೊ, ರೊಡಾಲ್ಫೊ ಅನ್ನೋ ಅಣ್ಣತಮ್ಮ. ಸಿಸಿಲಿಯಿಂದ ಕಾಗದಪತ್ರ ಇಲ್ಲದೆ ಕದ್ದು ಬಂದು ಇವರ ಮನೆಯಲ್ಲಿ ಉಳಿದುಕೊಳ್ಳುತ್ತಾರೆ. ಹುಡುಗಿ ರೊಡಾಲ್ಫೊನನ್ನು ಇಷ್ಟಪಡುತ್ತಾಳೆ. ಎಡ್ಡಿಗೆ ತಡೆಯೋಕೆ ಆಗೋದಿಲ್ಲ. ಕೊನೆಗೆ ವಲಸೆ ಇಲಾಖೆಗೆ ಫೋನ್ ಮಾಡಿ ಇಬ್ಬರನ್ನೂ ಹಿಡಿದುಕೊಡುತ್ತಾನೆ. ಮಾರ್ಕೊ ಕೈಯಲ್ಲಿ, ತನ್ನದೇ ಚಾಕುವಿನಿಂದ ಸಾಯುತ್ತಾನೆ.

ಮೂಲದಲ್ಲಿ ಹುಡುಗಿ ಅವನನ್ನು ‘ಎಡ್ಡಿ’ ಅಂತ ಹೆಸರು ಹಿಡಿದೇ ಕರೆಯುತ್ತಾಳೆ. ಸಂಬಂಧದಲ್ಲಿ ಅವನು ಅಂಕಲ್, ಇವಳು ನೀಸ್. ಇಂಗ್ಲಿಷಿನ ಅಂಕಲ್ ಸೋದರಮಾವನೂ ಆಗಬಹುದು, ಚಿಕ್ಕಪ್ಪನೂ ಆಗಬಹುದು. ನಮ್ಮಲ್ಲಿ ಹಾಗಲ್ಲವಲ್ಲ. ಅಕ್ಕನ ಮಗಳನ್ನು ತಂದುಕೊಳ್ಳೋದು ನಮ್ಮ ಎಷ್ಟೋ ಮನೆಗಳಲ್ಲಿ ನಡೆದುಬಂದ ಪದ್ಧತಿ. ಸೋದರಮಾವ ಅಂದರೆ ಹೆಣ್ಣು ಕೇಳುವ ಹಕ್ಕಿರುವವನು. ಚಿಕ್ಕಮ್ಮನ ಗಂಡ ಮಾತ್ರ ಅಪ್ಪನ ಲೆಕ್ಕ. ‘ಚಿಕ್ಕಪ್ಪ’ ಅನ್ನೋ ಪದದ ಒಳಗೇ ಅಪ್ಪ ಇದ್ದಾನೆ.

ನಮ್ಮ ತಂಡದ ಹುಡುಗರು ‘ಮಾವ ಅಂತ ಹಾಕಿ ಅಕ್ಕ, ಬಾಯಿಗೆ ಸಲೀಸು’ ಅಂದರು. ಓದಿ ನೋಡಿದೆ. ನಾಟಕ ಅಲ್ಲೇ ಸತ್ತುಹೋಯಿತು. ಹುಡುಗಿಯ ಮೇಲೆ ಆಸೆ ಇಟ್ಟುಕೊಂಡ ಮಾವ, ಅಡ್ಡ ಬಂದ ಪರದೇಶಿ ಹುಡುಗ. ಅಂಥ ಕಥೆ ನಮ್ಮಲ್ಲಿ ಬೇಕಾದಷ್ಟಿದೆ. ‘ಚಿಕ್ಕಪ್ಪ’ ಅಂತ ಹಾಕಿ ಓದಿದರೆ ಕೋಣೆಯಲ್ಲಿ ಎಲ್ಲರೂ ಸುಮ್ಮನಾದರು. ಇದು ಗ್ರೀಕರ ನಾಟಕ ಅಂತ ಆಗ ಅನ್ನಿಸಿತು. ನಿಮಗೇನನ್ನಿಸುತ್ತೆ?

ಅಂತಿಮ ಬಿಎ:

ಮೇಡಂ, ನಾನಿನ್ನೂ ವಿದ್ಯಾರ್ಥಿ, ತಪ್ಪಿದ್ದರೆ ತಿದ್ದಿ. ನಮ್ಮ ನೋಟ್ಸಿನಲ್ಲಿ ಗ್ರೀಕ್ ದುರಂತ ನಾಯಕ ರಾಜನೋ ದೊಡ್ಡ ಮನೆತನದವನೋ ಆಗಿರಬೇಕು ಅಂತಿದೆ. ಹಮಾರ್ಟಿಯಾ ಅಂದರೆ ಸ್ವಭಾವದ ದೋಷ, ಉದಾಹರಣೆಗೆ ಅಹಂಕಾರ ಅಂತಲೂ ಇದೆ. ಎಡ್ಡಿ ಹಮಾಲಿ. ಹಾಗಿದ್ದಾಗ ಹೇಗೆ ಹೊಂದುತ್ತೆ?

ಹಳೇ ಮೇಷ್ಟ್ರು:

ಮಗೂ, ನಾನೂ ಇಪ್ಪತ್ತೆಂಟು ವರ್ಷ ಅದನ್ನೇ ಬರೆಸಿದವನು. ನಿವೃತ್ತಿಯಾದ ಮೇಲೆ ಅರಿಸ್ಟಾಟಲನನ್ನು ನಿಧಾನವಾಗಿ ಓದಿದಾಗ ತಪ್ಪು ಗೊತ್ತಾಯಿತು.

ಹಮಾರ್ಟಿಯಾ ಅನ್ನೋ ಪದ ಗುರಿ ತಪ್ಪುವುದಕ್ಕೆ ಹೇಳುವ ಕ್ರಿಯಾಪದದಿಂದ ಬಂದದ್ದು. ಬಾಣ ಬಿಟ್ಟವನು ಕೆಟ್ಟವನಲ್ಲ, ಬಾಣ ಬೇರೆ ಕಡೆ ಹೋಗಿ ನೆಟ್ಟಿತು. ಅರಿಸ್ಟಾಟಲ್ ತನ್ನ ‘ಕಾವ್ಯಮೀಮಾಂಸೆ’ಯ (ಪೊಯೆಟಿಕ್ಸ್) 13ನೇ ಅಧ್ಯಾಯದಲ್ಲಿ ಹೇಳುವುದು ಇಷ್ಟು. ತೀರಾ ಒಳ್ಳೆಯವನೂ ಅಲ್ಲದ, ಕೆಟ್ಟವನೂ ಅಲ್ಲದ ನಡುವಿನ ಮನುಷ್ಯ, ದುಷ್ಟತನದಿಂದಲ್ಲ, ಒಂದು ಹಮಾರ್ಟಿಯಾದಿಂದ ಬೀಳುತ್ತಾನೆ. ಅಹಂಕಾರದ ಮಾತು ಅಲ್ಲಿಲ್ಲ. ಸೊಫೊಕ್ಲಿಸ್ ನಾಟಕದ ರಾಜ ಈಡಿಪಸ್ ದಾರಿಯಲ್ಲಿ ಕೊಂದ ಮುದುಕ ತನ್ನ ಅಪ್ಪ ಅಂತ ಅವನಿಗೆ ಗೊತ್ತಿರಲಿಲ್ಲ. ಆ ಗೊತ್ತಿಲ್ಲದಿರುವಿಕೆಯೇ ಗುರಿ ತಪ್ಪಿದ ಬಾಣ.

ನೇಪಥ್ಯ ಅವರ ಪ್ರಶ್ನೆಗೆ ಉತ್ತರ 14ನೇ ಅಧ್ಯಾಯದಲ್ಲಿದೆ. ವೈರಿ ವೈರಿಯನ್ನು ಕೊಂದರೆ ಮರುಕ ಹುಟ್ಟೋದಿಲ್ಲ, ಪರಿಚಯವಿಲ್ಲದವರು ಹೊಡೆದಾಡಿದರೂ ಅಷ್ಟೇ. ಅಣ್ಣ ತಮ್ಮನ ಮೇಲೆ, ಮಗ ಅಪ್ಪನ ಮೇಲೆ, ತಾಯಿ ಮಗನ ಮೇಲೆ ಕೈಯೆತ್ತಿದಾಗಲೇ ನಾಟಕಕಾರ ಹುಡುಕಬೇಕಾದ ಜಾಗ ಸಿಗುತ್ತದೆ ಅನ್ನುತ್ತಾನೆ. ರಕ್ತಸಂಬಂಧ, ಮನೆ, ಒಲೆ. ‘ಮಾವ’ ಅಂದ ಕೂಡಲೇ ನಾಟಕ ಸತ್ತಿದ್ದು ಅದಕ್ಕೇ. ಚಿಕ್ಕಪ್ಪನೇ ಸರಿ.

ನೇಪಥ್ಯ:

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ರಾಜನ ವಿಷಯಕ್ಕೆ ನಾನು ಒಂದು ಮಾತು ಸೇರಿಸುತ್ತೇನೆ. ‘ಡೆತ್ ಆಫ್ ಎ ಸೇಲ್ಸ್‌ಮನ್’ 1949ರ ಫೆಬ್ರವರಿ 10ರಂದು ರಂಗಕ್ಕೆ ಬಂತು. ಅದೇ ತಿಂಗಳ 27ಕ್ಕೆ ಮಿಲ್ಲರ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಲೇಖನ ಬರೆದರು. ಸಾಮಾನ್ಯ ಮನುಷ್ಯನೂ ರಾಜನಷ್ಟೇ ರುದ್ರನಾಟಕಕ್ಕೆ ತಕ್ಕವನು, ತನ್ನ ಮರ್ಯಾದೆಗಾಗಿ ಜೀವ ಕೊಡೋಕೆ ಸಿದ್ಧನಾದವನನ್ನು ಕಂಡಾಗ ನಮ್ಮೊಳಗೆ ಆ ಭಾವ ಏಳುತ್ತದೆ ಅನ್ನೋದು ಅವರ ವಾದ.

ಆದರೆ ಅರಿಸ್ಟಾಟಲ್ ಹೆಸರುವಾಸಿ ನಾಯಕ ಬೇಕು ಅಂದದ್ದನ್ನು ಸುಮ್ನೆ ತಳ್ಳಿಹಾಕಬಾರದು ಅಂತ ನನಗನ್ನಿಸುತ್ತೆ. ಎತ್ತರದಿಂದ ಬಿದ್ದರೆ ಊರೆಲ್ಲ ನೋಡುತ್ತದೆ. ಆ ನೋಡುವ ಊರು ಬೇಕು. ಎಡ್ಡಿಗೆ ಆ ಊರು ರೆಡ್ ಹುಕ್. ಮೊದಲಲ್ಲೇ ಮನೆಯಲ್ಲಿ ಒಂದು ಹಳೇ ಕಥೆ ಬರುತ್ತೆ, ನೆನಪಿದೆಯಾ? ವಿನ್ನಿ ಬೊಲ್ಜಾನೊ ಅನ್ನೋ ಹುಡುಗ ತನ್ನ ಮಾವನನ್ನೇ ವಲಸೆ ಇಲಾಖೆಗೆ ಹಿಡಿದುಕೊಟ್ಟ. ಅಪ್ಪ, ಅಣ್ಣತಮ್ಮಂದಿರೇ ಅವನನ್ನು ಮೆಟ್ಟಿಲ ಮೇಲಿಂದ ಎಳೆದುಕೊಂಡು ಬಂದರು. ತಲೆ ಒಂದೊಂದು ಮೆಟ್ಟಿಲಿಗೂ ಬಡಿಯಿತು. ಬೀದಿಯಲ್ಲಿ ಅವರೇ ಅವನ ಮೇಲೆ ಉಗಿದರು. ಆಮೇಲೆ ಅವನನ್ನು ಯಾರೂ ನೋಡಲಿಲ್ಲ. ಇದನ್ನು ಬಿಯಾಟ್ರಿಸ್ ಕೈಲಿ ಹೇಳಿಸಿ ಹುಡುಗಿಯನ್ನು ಎಚ್ಚರಿಸುವವನು ಎಡ್ಡಿಯೇ. ಈಡಿಪಸ್ ಕೊಲೆಗಾರನಿಗೆ ಶಾಪ ಹಾಕಿ ಅದೇ ಶಾಪಕ್ಕೆ ತಾನೇ ಸಿಕ್ಕಿಬೀಳುತ್ತಾನಲ್ಲ, ಇದೂ ಹಾಗೆಯೇ. ಕೊನೆಗೆ ಎಡ್ಡಿ ಬೀದಿಯಲ್ಲಿ ನಿಂತು ಮಾರ್ಕೊ ಹತ್ತಿರ ಕೇಳೋದು ತನ್ನ ಹೆಸರನ್ನು. ಹಮಾಲಿಗೆ ಇದ್ದ ರಾಜ್ಯ ಅದೊಂದೇ.

ಕಡಲಿನವಳು:

ಈ ಚರ್ಚೆಯನ್ನು ಮೂರು ಸಲ ಓದಿದೆ. ನನಗೆ ‘ದುರಂತ’ ಅನ್ನೋ ಪದದ ಮೇಲೇ ತಕರಾರಿದೆ. ಪೇಪರಿನಲ್ಲಿ ಬಸ್ ದುರಂತ, ದೋಣಿ ದುರಂತ ಅಂತ ಬರುತ್ತೆ. ಕೆಟ್ಟ ಅಂತ್ಯ ಅಂತಷ್ಟೇ ಅದರ ಅರ್ಥ. ಗ್ರೀಕರಲ್ಲಿ ಎಲ್ಲವೂ ಕೆಟ್ಟದಾಗಿ ಮುಗಿಯೋದಿಲ್ಲ. ಈಸ್ಕಿಲಸ್‌ನ ‘ಒರೆಸ್ಟಿಯಾ’ ಮೂರನೇ ನಾಟಕದಲ್ಲಿ ನ್ಯಾಯಸಭೆ ಕೂತು, ತಾಯಿಯನ್ನು ಕೊಂದ ಒರೆಸ್ಟಿಸ್ ಬಿಡುಗಡೆಯಾಗುತ್ತಾನೆ. ಸೊಫೊಕ್ಲಿಸ್‌ನ ‘ಫಿಲೊಕ್ಟೆಟಿಸ್’ನಲ್ಲಿ ಗಾಯಾಳು ಗುಣವಾಗೋ ಕಡೆಗೆ ಹೊರಡುತ್ತಾನೆ. ಅದಕ್ಕೇ ನನಗೆ ‘ರುದ್ರನಾಟಕ’ ಅನ್ನೋ ಹಳೇ ಪದವೇ ಇಷ್ಟ.

ಇನ್ನೊಂದು. ಸಿಂಜ್ ಬರೆದ ‘ರೈಡರ್ಸ್ ಟು ದ ಸೀ’ 1904ರಲ್ಲಿ ರಂಗಕ್ಕೆ ಬಂದ ಐರಿಷ್ ಏಕಾಂಕ. ಮೌರ್ಯ ಅನ್ನೋ ಮುದುಕಿ ಗಂಡ, ಗಂಡನ ಅಪ್ಪ, ಆರು ಗಂಡುಮಕ್ಕಳನ್ನು ಕಡಲಿಗೆ ಕೊಡುತ್ತಾಳೆ. ನಮ್ಮ ಮನೆ ಬಂದರಿನ ಹತ್ತಿರ. ದೋಣಿ ಬರೋದು ತಡವಾದರೆ ಹೆಂಗಸರು ಮಾತಾಡೋದು ಹೇಗೆ ನಿಂತುಹೋಗುತ್ತೆ ಅಂತ ಚಿಕ್ಕಂದಿನಿಂದ ನೋಡಿದ್ದೇನೆ. ಆ ನಾಟಕ ಓದುವಾಗ ಕೈ ನಡುಗಿತು. ಆದರೆ ಮೌರ್ಯ ಏನು ತಪ್ಪು ಮಾಡಿದಳು? ಯಾವ ಬಾಣ, ಯಾವ ಗುರಿ? ಹಮಾರ್ಟಿಯಾ ಇಲ್ಲದೆಯೂ ರುದ್ರನಾಟಕ ಆಗುತ್ತಾ?

ಹಳೇ ಮೇಷ್ಟ್ರು:

ತಾಯೀ, ಒಳ್ಳೇ ಪ್ರಶ್ನೆ. ಮೌರ್ಯಳ ಕಥೆಯಲ್ಲಿ ತಪ್ಪಿಲ್ಲ, ನಿಜ. ಗ್ರೀಕರದೇ ಇನ್ನೊಂದು ಅಂಗ ಅಲ್ಲಿದೆ, ಗುರುತು ಹಿಡಿಯುವುದು. ಅನಗ್ನೊರಿಸಿಸ್ ಅಂತಾರೆ. ದೂರದ ಕಡಲಲ್ಲಿ ಸಿಕ್ಕ ಹೆಣದ ಬಟ್ಟೆಯ ಗಂಟನ್ನು ಇಬ್ಬರು ಹೆಣ್ಣುಮಕ್ಕಳು ಬಿಚ್ಚುತ್ತಾರೆ. ಅಂಗಿ ಖಾತ್ರಿಯಾಗೋದಿಲ್ಲ, ಆ ಬಟ್ಟೆ ಎಲ್ಲಾ ಅಂಗಡಿಯಲ್ಲೂ ಸಿಗುವಂಥದ್ದು. ಆಮೇಲೆ ಕಾಲುಚೀಲ ತೆಗೆದು ಹೆಣಿಗೆಯ ಕುಣಿಕೆ ಎಣಿಸುತ್ತಾಳೆ ಚಿಕ್ಕವಳು. ಮೂರಿಪ್ಪತ್ತು ಹಾಕಿ ನಾಲ್ಕು ಬಿಟ್ಟಿದ್ದೆ, ನನ್ನ ಕೈಯದ್ದೇ ಅನ್ನುತ್ತಾಳೆ. ಅಣ್ಣ ಸತ್ತಿದ್ದಾನೆ ಅಂತ ಗೊತ್ತಾಗೋದು ಆ ಎಣಿಕೆಯಲ್ಲಿ.

ಅರಿಸ್ಟಾಟಲ್ ಗುರುತಿನ ವಸ್ತುಗಳಿಂದ ಆಗುವ ಅನಗ್ನೊರಿಸಿಸ್ ಅನ್ನು ಕೆಳದರ್ಜೆಯದು ಅನ್ನುತ್ತಾನೆ. ಗಾಯದ ಕಲೆ, ಕೊರಳ ಹಾರ, ಇಂಥವು. ಘಟನೆಗಳೊಳಗಿಂದಲೇ ಹುಟ್ಟಬೇಕು, ಈಡಿಪಸ್‌ನಲ್ಲಿ ಆಗುವ ಹಾಗೆ, ಅಂತ ಅವನ ಮತ. ಆ ಕಾಲುಚೀಲ ಓದಿದ ಮೇಲೆ ನನಗೆ ಅವನ ಮಾತು ಒಪ್ಪೋಕೆ ಆಗಲಿಲ್ಲ. ಅವನು ಹುಟ್ಟಿದ್ದು ಕ್ರಿಸ್ತಪೂರ್ವ 384ರಲ್ಲಿ. ಸೊಫೊಕ್ಲಿಸ್ ಸತ್ತು ಇಪ್ಪತ್ತು ವರ್ಷ ದಾಟಿತ್ತು. ಅವನ ಪುಸ್ತಕ ನಾಟಕ ನೋಡಿ ಬರೆದುಕೊಂಡದ್ದು. ಅದನ್ನು ಓದಿಕೊಂಡು ಸೊಫೊಕ್ಲಿಸ್ ನಾಟಕ ಬರೆಯಲಿಲ್ಲ. ವಿದ್ಯಾರ್ಥಿಗಳು ಇದೊಂದನ್ನು ಮರೀಬಾರದು.

ಎಡ್ಡಿಗೆ ಬರುತ್ತೇನೆ. ಅವನಿಗೆ ಸರಿಯಾದ ಜೋಡಿ ಈಡಿಪಸ್ ಅಲ್ಲ, ಫೀಡ್ರಾ. ಯೂರಿಪಿಡಿಸ್‌ನ ‘ಹಿಪ್ಪೊಲಿಟಸ್’, ಕ್ರಿಸ್ತಪೂರ್ವ 428. ಫೀಡ್ರಾ ತನ್ನ ಗಂಡನ ಮಗನ ಮೇಲೆ ಆಸೆಪಡುತ್ತಾಳೆ. ಬಾಯಿಬಿಡದೆ, ಊಟ ಬಿಟ್ಟು ಮಲಗುತ್ತಾಳೆ. ದಾಸಿಯಿಂದ ಗುಟ್ಟು ರಟ್ಟಾದ ಮೇಲೆ ನೇಣು ಹಾಕಿಕೊಳ್ಳುತ್ತಾಳೆ. ಕೈಗೆ ಕಟ್ಟಿಕೊಂಡ ಹಲಗೆಯಲ್ಲಿ ಹುಡುಗನ ಮೇಲೆ ಸುಳ್ಳು ಆರೋಪ ಬರೆದಿಟ್ಟಿರುತ್ತಾಳೆ. ಅವಳ ಹಲಗೆ, ಇವನ ಫೋನು. ಎರಡೂ ಮನೆಯವರನ್ನು ಹೊರಗಿನ ಶಿಕ್ಷೆಗೆ ಒಪ್ಪಿಸುತ್ತವೆ. ವ್ಯತ್ಯಾಸ ಒಂದೇ. ಫೀಡ್ರಾಗೆ ತನ್ನೊಳಗೇನಿದೆ ಅಂತ ಗೊತ್ತು. ಎಡ್ಡಿಗೆ ಗೊತ್ತಿಲ್ಲ.

ಎಡಿಸನ್ ಕನ್ನಡಿಗ:

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಈ ನಾಟಕವನ್ನು 2015ರಲ್ಲಿ ಬ್ರಾಡ್‌ವೇನಲ್ಲಿ ನೋಡಿದೆ. ಇವೊ ವಾನ್ ಹೋವ್ ನಿರ್ದೇಶನ, ಲಂಡನ್ನಿನ ಯಂಗ್ ವಿಕ್‌ನಲ್ಲಿ 2014ರಲ್ಲಿ ಮಾಡಿದ್ದು. ಅಡುಗೆಮನೆ ಇಲ್ಲ, ಸೋಫಾ ಇಲ್ಲ. ಖಾಲಿ ನೆಲದ ಮೇಲೆ ನಟರು ಬರಿಗಾಲಲ್ಲಿ. ಪ್ರೇಕ್ಷಕರಲ್ಲಿ ಕೆಲವರು ರಂಗದ ಎರಡೂ ಬದಿಗೆ ಕೂತಿದ್ದರು. ನನಗೆ ಅವರೇ ಗ್ರೀಕ್ ನಾಟಕದ ಮೇಳದ (ಕೋರಸ್) ಹಾಗೆ ಕಂಡರು.

ಆಮೇಲೆ ಒಂದು ಭಾನುವಾರ ರೆಡ್ ಹುಕ್‌ಗೆ ಹೋಗಿ ಬಂದೆ. ಈಗ ಅಲ್ಲಿ ಐಕಿಯಾ ಅಂಗಡಿ ಇದೆ. ನೀರಿನ ಅಂಚಿಗೆ ನಿಂತರೆ ಸ್ವಾತಂತ್ರ್ಯದೇವಿಯ ಪ್ರತಿಮೆ ಎದುರಿಗೇ. ಕಾಗದ ಇಲ್ಲದವರು ಅದನ್ನು ದಿನಾ ನೋಡಿಕೊಂಡೇ ಕೆಲಸಕ್ಕೆ ಹೋಗಿರಬೇಕಲ್ಲ ಅನ್ನಿಸಿ ಸಂಕಟವಾಯಿತು.

ಮೇಳದ ಬಗ್ಗೆ ಕೇಳಬೇಕಿತ್ತು. ವಕೀಲ ಆಲ್ಫಿಯೆರಿಯನ್ನು ಎಲ್ಲರೂ ಗ್ರೀಕ್ ಮೇಳ ಅನ್ನುತ್ತಾರೆ. ಸೊಫೊಕ್ಲಿಸ್‌ನಲ್ಲಿ ಮೇಳ ಅಂದರೆ 15 ಜನ, ಊರಿನವರು, ರಾಜ ಕೆಟ್ಟರೆ ತಾವೂ ಕೆಡುವವರು. ಆಲ್ಫಿಯೆರಿ ಒಬ್ಬನೇ. ಮೇಜಿನ ಹಿಂದೆ ಕೂತವನು. ಅವನನ್ನು ಮೇಳ ಅನ್ನೋದು ಸರಿಯೇ?

ನೇಪಥ್ಯ:

ಸರ್, ನನ್ನ ಲೆಕ್ಕದಲ್ಲಿ ಮಿಲ್ಲರ್ ಮೇಳವನ್ನು ಎರಡಾಗಿ ಸೀಳಿದ್ದಾರೆ. ಹೇಳುವ ಬಾಯಿ ಆಲ್ಫಿಯೆರಿ. ನೋಡುವ ಕಣ್ಣು ಕೇರಿ. ಮಾಂಸದಂಗಡಿಯ ಲಿಪಾರಿಯ ನೆಂಟರೂ ಅದೇ ದಾಳಿಯಲ್ಲಿ ಸಿಕ್ಕಿಬೀಳುತ್ತಾರೆ. ಮಾರ್ಕೊ ಬೀದಿಯಲ್ಲಿ ಎಡ್ಡಿಯತ್ತ ಬೆರಳು ತೋರಿಸಿದಾಗ ಲಿಪಾರಿ ಮುಖ ತಿರುಗಿಸಿ ಹೊರಟುಹೋಗುತ್ತಾನೆ. ಗೆಳೆಯರೂ ಹೋಗುತ್ತಾರೆ. ಮೇಳ ಹಾಡೋದಿಲ್ಲ, ಬೆನ್ನು ತಿರುಗಿಸುತ್ತೆ. ನಮ್ಮ ತಂಡದಲ್ಲಿ ಆ ಬೆನ್ನುಗಳಿಗೆ ಅಂತಲೇ ಆರು ಜನ ಬೇಕು ಅಂತ ಹಟ ಹಿಡಿದಿದ್ದೇನೆ.

ಆಲ್ಫಿಯೆರಿ ಮೊದಲೇ ಒಂದು ಮಾತು ಹೇಳುತ್ತಾನೆ, ಗ್ರೀಕರು ಸೋತ ಕಾಲದಿಂದ ಈ ಜನಕ್ಕೆ ಕಾನೂನು ಅಂದರೆ ಸ್ನೇಹದ ವಿಷಯವಲ್ಲ ಅನ್ನೋ ಅರ್ಥದಲ್ಲಿ. ಮಾರ್ಕೊನ ಸಿಸಿಲಿ ಒಂದು ಕಾಲಕ್ಕೆ ಗ್ರೀಕರು ನೆಲೆಸಿದ ನೆಲವೇ ಅಲ್ವಾ? ಈಸ್ಕಿಲಸ್ ಸತ್ತಿದ್ದು ಅಲ್ಲಿನ ಗೆಲಾ ಊರಿನಲ್ಲಿ. ಹಾಗಾಗಿ ಜೈಲಿನಲ್ಲಿ ಮಾರ್ಕೊ ‘ಇದಕ್ಕೆ ಕಾನೂನು ಎಲ್ಲಿದೆ’ ಅಂತ ಕೇಳುವಾಗ ನನಗೆ ರಾಜಾಜ್ಞೆ ಮೀರಿ ಅಣ್ಣನ ಹೆಣಕ್ಕೆ ಮಣ್ಣು ಕೊಟ್ಟ, ಸೊಫೊಕ್ಲಿಸ್‌ನ ಆಂಟಿಗೊನೆ ಕೇಳಿಸುತ್ತಾಳೆ.

ದೀಪದ ಹುಡುಗ:

ನಾನು ಓದಿಕೊಂಡವನಲ್ಲ, ಲೈಟಿಂಗ್ ಮಾಡುತ್ತೇನೆ. ಈ ನಾಟಕಕ್ಕೆ ಒಂದು ಸಲ ಕೆಲಸ ಮಾಡಿದ್ದೇನೆ. ಎರಡು ವಿಷಯ ಹೇಳಬೇಕು.

ಒಂದು ಫೋನ್. ಆಲ್ಫಿಯೆರಿ ‘ಬಿಟ್ಟುಬಿಡು, ಅವಳನ್ನು ಹೋಗೋಕೆ ಬಿಡು’ ಅಂತ ಎಡ್ಡಿಗೆ ಹೇಳುತ್ತಿರುವಾಗಲೇ ಆಚೆ ಬದಿಯಲ್ಲಿ ಫೋನಿನ ಹತ್ತಿರ ಮಸುಕಾದ ನೀಲಿ ಬೆಳಕು ಏಳಬೇಕು. ಎಡ್ಡಿ ಇನ್ನೂ ತೀರ್ಮಾನ ಮಾಡಿಲ್ಲ. ಬೆಳಕು ತೀರ್ಮಾನ ಮಾಡಿದೆ. ನಾನು ಡಿಮ್ಮರನ್ನು ಎಷ್ಟು ನಿಧಾನ ಏರಿಸುತ್ತಿದ್ದೆ ಅಂದರೆ ಯಾವಾಗ ಶುರುವಾಯಿತು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ವಿಧಿ ಅಂತ ನೀವೆಲ್ಲ ಹೇಳೋದು ನನ್ನ ಕೈಗೆ ಹಾಗೆ ಸಿಕ್ಕಿತು.

ಎರಡು, ಕುರ್ಚಿ. ಮೊದಲ ಅಂಕದ ಕೊನೆ. ಎಡ್ಡಿ ಬಾಕ್ಸಿಂಗ್ ಹೇಳಿಕೊಡುವ ನೆಪದಲ್ಲಿ ರೊಡಾಲ್ಫೊಗೆ ಏಟು ಹಾಕಿದ ಮೇಲೆ, ಮಾರ್ಕೊ ಮಾತಿಲ್ಲದೆ ಕುರ್ಚಿ ತಂದಿಟ್ಟು, ಒಂದು ಕಾಲಿನ ಬುಡ ಹಿಡಿದು ಒಂದೇ ಕೈಯಲ್ಲಿ ಎತ್ತೋಕೆ ಆಗುತ್ತಾ ಅಂತ ಕೇಳುತ್ತಾನೆ. ಎಡ್ಡಿ ಕೈಲಾಗೋದಿಲ್ಲ. ಮನೆಯಲ್ಲಿ ಪ್ರಯತ್ನಿಸಿ ನೋಡಿ. ಮರದ ಕುರ್ಚಿ, ಮೊಣಕಾಲೂರಿ, ಕಾಲಿನ ತುದಿ ಹಿಡಿಯಬೇಕು. ಎತ್ತಿದ ಕೂಡಲೇ ಕುರ್ಚಿ ಒಂದು ಕಡೆಗೆ ವಾಲುತ್ತೆ, ಮಣಿಕಟ್ಟು ತಿರುಚಿಕೊಳ್ಳುತ್ತೆ. ನಮ್ಮ ಮಾರ್ಕೊ ಪಾತ್ರಧಾರಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ. ಕುರ್ಚಿ ಎಡ್ಡಿಯ ತಲೆ ಮೇಲಕ್ಕೆ ಬಂದಾಗ ಅದರ ನೆರಳು ಅವನ ಮುಖದ ಮೇಲೆ ಬೀಳೋ ಹಾಗೆ ಲೈಟ್ ಇಟ್ಟಿದ್ದೆ. ಅಲ್ಲಿಂದ ಮುಂದೆ ಎಲ್ಲರಿಗೂ ಕೊನೆ ಗೊತ್ತು.

ಕಡಲಿನವಳು:

ದೀಪದ ಹುಡುಗ ಅವರೇ, ಆ ನೀಲಿ ಬೆಳಕಿನ ಮಾತು ಓದಿ ಮೈ ಜುಮ್ಮೆಂದಿತು. ಇಬ್ಸನ್‌ನ ‘ಘೋಸ್ಟ್ಸ್’ ನೆನಪಾಯಿತು, 1881ರದ್ದು. ಅದರಲ್ಲೂ ಆಗಬೇಕಾದ್ದೆಲ್ಲ ಪರದೆ ಏಳುವ ಮೊದಲೇ ಆಗಿಹೋಗಿರುತ್ತೆ, ಈಡಿಪಸ್ ಕಥೆಯ ಹಾಗೆಯೇ. ಹೊಸ ಅನಾಥಾಶ್ರಮಕ್ಕೆ ವಿಮೆ ಮಾಡಿಸೋದು ಬೇಡ, ಜನ ನಮಗೆ ದೇವರಲ್ಲಿ ನಂಬಿಕೆಯಿಲ್ಲ ಅಂದುಕೊಂಡಾರು ಅನ್ನುತ್ತಾನೆ ಪಾದ್ರಿ. ಅದು ಸುಟ್ಟುಹೋಗುತ್ತೆ.

ಅಂತಿಮ ಬಿಎ:

ಇಷ್ಟೆಲ್ಲ ಓದಿದ ಮೇಲೆ ಒಂದು ಸಂದೇಹ. ಈಡಿಪಸ್‌ಗೆ ಕೊನೆಗೆ ಎಲ್ಲಾ ಗೊತ್ತಾಗುತ್ತೆ, ಕಣ್ಣು ಚುಚ್ಚಿಕೊಳ್ಳುತ್ತಾನೆ. ಎಡ್ಡಿಗೆ ಗೊತ್ತಾಗುತ್ತಾ? ಗೊತ್ತಾಗದೆ ಸತ್ತರೆ ಅದು ಅರ್ಧ ರುದ್ರನಾಟಕ ಅಲ್ವಾ? ಇನ್ನೊಂದು, ಹಾಗಾದರೆ ಕ್ಯಾಥರಿನ್ ಮೊದಲಿನಿಂದಲೂ ‘ಚಿಕ್ಕಪ್ಪ’ ಅಂತಲೇ ಕರೆದರೆ ಪ್ರೇಕ್ಷಕರಿಗೆ ಗುಟ್ಟು ಬೇಗ ಬಿಟ್ಟುಕೊಟ್ಟ ಹಾಗಾಗೋದಿಲ್ಲವೇ?

ಹಳೇ ಮೇಷ್ಟ್ರು:

ಗುಟ್ಟು ಬಿಟ್ಟುಕೊಡಲಿ. ಅಥೆನ್ಸಿನ ಬಯಲಲ್ಲಿ ಕೂತ ಪ್ರತಿಯೊಬ್ಬರಿಗೂ ಈಡಿಪಸ್ ಯಾರ ಮಗ ಅಂತ ಗೊತ್ತಿತ್ತು. ಗೊತ್ತಿಲ್ಲದವನು ಅವನೊಬ್ಬನೇ.

ಕನ್ನಡದಲ್ಲಿ ಇಂಥ ಕೆಲಸ ಹೊಸದಲ್ಲ, ನೇಪಥ್ಯ ಅವರೇ, ಧೈರ್ಯವಾಗಿ ಮಾಡಿ. ಬಿ.ಎಂ.ಶ್ರೀ ಸೊಫೊಕ್ಲಿಸ್‌ನ ‘ಏಜಾಕ್ಸ್’ ಇಟ್ಟುಕೊಂಡು 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ನಮ್ಮ ಪುರಾಣದಲ್ಲಿ ಅಶ್ವತ್ಥಾಮ ಚಿರಂಜೀವಿ, ಸಾವೇ ಇಲ್ಲದವನು. ಅವನನ್ನು ರಂಗದ ಮೇಲೆ ಸಾಯಿಸಿದರು. ಗ್ರೀಕರಿಂದ ಅವರು ಕಥೆಯನ್ನಷ್ಟೇ ತರಲಿಲ್ಲ. ಅವಮಾನ ತಡೆಯದ ವೀರ ಎಲ್ಲಿಗೆ ಮುಟ್ಟುತ್ತಾನೆ ಅನ್ನುವುದನ್ನೂ ತಂದರು. ಅದಕ್ಕಾಗಿ ನಮ್ಮ ನಂಬಿಕೆಯನ್ನೇ ಬದಲಿಸಿದರು. ನೀವು ಮಾಡುತ್ತಿರೋದು ಅದಕ್ಕಿಂತ ಸುಲಭ. ನಮ್ಮ ಮನೆಯ ಪದವೇ ನಿಮ್ಮ ಕಡೆಗಿದೆ.

ನೇಪಥ್ಯ:

ಮೇಷ್ಟ್ರ ಮಾತು ಓದಿ ಕಣ್ಣು ತುಂಬಿತು. ‘ಚಿಕ್ಕಪ್ಪ’ ಅಂತಲೇ ಇಡುತ್ತೇನೆ. ಮೊದಲ ದೃಶ್ಯದಲ್ಲಿ ಹುಡುಗಿ ಹೊಸ ಸ್ಕರ್ಟ್ ಹಾಕಿಕೊಂಡು ತೋರಿಸುತ್ತಾಳಲ್ಲ, ಅಲ್ಲಿಂದಲೇ. ಎರಡನೇ ಅಂಕದಲ್ಲಿ ಅವಳು ಸಿಟ್ಟಾದಾಗ ಒಂದೇ ಒಂದು ಸಲ ‘ಎಡ್ಡಿ’ ಅನ್ನಿಸುತ್ತೇನೆ. ಇಂಗ್ಲಿಷಿನಲ್ಲಿ ಸಿಗದ ಏಟು ಕನ್ನಡದಲ್ಲಿ ಅಲ್ಲಿ ಸಿಗುತ್ತೆ.

ಎಡ್ಡಿಗೆ ಗೊತ್ತಾಗುತ್ತಾ ಅನ್ನೋ ಪ್ರಶ್ನೆ ನಿನ್ನೆ ತಾಲೀಮಿನಲ್ಲೂ ಬಂತು. ಬಿಯಾಟ್ರಿಸ್ ಬಾಯಿಬಿಟ್ಟು ಹೇಳಿಬಿಡುತ್ತಾಳೆ, ನಿನಗೆ ಬೇಕಾದ್ದು ಬೇರೆ, ಅವಳು ನಿನಗೆ ಎಂದಿಗೂ ಸಿಗೋದಿಲ್ಲ ಅಂತ. ಅವನು ತಲೆ ಹಿಡಿದುಕೊಂಡು ಕೂಗುತ್ತಾನೆ. ಕೇಳಿಸಿತು, ಒಳಗೆ ಬಿಟ್ಟುಕೊಳ್ಳಲಿಲ್ಲ. ಕುರುಡು ಕಾಲಜ್ಞಾನಿ ಟೈರೀಸಿಯಸ್ ‘ಕೊಲೆಗಾರ ನೀನೇ’ ಅಂತ ಹೇಳಿದಾಗ ಈಡಿಪಸ್ ಮಾಡಿದ್ದೂ ಅದೇ ಅಲ್ವಾ?

ಕೊನೆಯಲ್ಲಿ ಚಾಕು ನೆಟ್ಟ ಮೇಲೆ ಕ್ಯಾಥರಿನ್ ಬಗ್ಗಿ, ನಿನಗೆ ಕೆಟ್ಟದ್ದು ಮಾಡಬೇಕು ಅಂತ ಇರಲಿಲ್ಲ ಅನ್ನುತ್ತಾಳೆ. ಎಡ್ಡಿ ‘ಹಾಗಾದ್ರೆ ಯಾಕೆ’ ಅಂತ ಶುರುಮಾಡಿ ನಿಲ್ಲಿಸುತ್ತಾನೆ. ವಾಕ್ಯ ಮುಗಿಯೋದಿಲ್ಲ. ಹೆಂಡತಿಯ ಹೆಸರು ಬಾಯಿಗೆ ಬರುತ್ತೆ. 1956ರಲ್ಲಿ ಪೀಟರ್ ಬ್ರೂಕ್ ಲಂಡನ್ನಿನಲ್ಲಿ ಆಡಿಸಿದ ಎರಡಂಕದ ರೂಪದಲ್ಲಿ ಅವನು ಬಿಯಾಟ್ರಿಸ್ ತೋಳಿನಲ್ಲಿ ಸಾಯುತ್ತಾನೆ. ಅವನಿಗೆ ಗೊತ್ತಾಗಿದ್ದರೆ ಆ ‘ಯಾಕೆ’ ಮತ್ತು ಆ ಹೆಸರಿನ ನಡುವಿನ ಉಸಿರಿನಲ್ಲಿ ಗೊತ್ತಾಗಿರಬೇಕು.

ನಮ್ಮ ಎಡ್ಡಿ ಪಾತ್ರಧಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಸಂಜೆ ಆರೂವರೆಗೆ ಬರುತ್ತಾರೆ. ನೆಲದ ಮೇಲೆ ಮಲಗಿಕೊಂಡೇ ಕೇಳಿದರು: ‘ಮೇಡಂ, ತಲೆ ಹುಡುಗಿ ಕಡೆಯಿಂದ ಹೆಂಡತಿ ಕಡೆಗೆ ಯಾವಾಗ ತಿರುಗಿಸಲಿ, ಹೆಸರು ಹೇಳೋ ಮೊದಲಾ, ಹೇಳಿದ ಮೇಲಾ?’ ಎರಡೂ ಮಾಡಿ ನೋಡಿದೆವು. ಮೊದಲು ತಿರುಗಿದರೆ ಅವನಿಗೆ ಗೊತ್ತು. ಹೇಳಿದ ಮೇಲೆ ತಿರುಗಿದರೆ ಬಾಯಿಗೆ ಮೊದಲು ಗೊತ್ತು, ಅವನಿಗಲ್ಲ. ನಾಳೆ ಮತ್ತೆ ಎರಡೂ ಮಾಡಿಸಬೇಕು. ದೀಪದ ಹುಡುಗ ಅವರು ಮೈಸೂರಿನ ಕಡೆ ಇದ್ದರೆ ದಯವಿಟ್ಟು ಬಂದು ನೋಡಿ, ಆ ಉಸಿರಿಗೆ ಎಷ್ಟು ಬೆಳಕು ಸಾಕು ಅಂತ ನಮಗೆ ಗೊತ್ತಾಗುತ್ತಿಲ್ಲ.

ದೀಪದ ಹುಡುಗ:

ಅಕ್ಕಾ, ಶನಿವಾರ ಬರುತ್ತೇನೆ. ಕುರ್ಚಿ ಮರದ್ದೇ ಇರಲಿ, ಪ್ಲಾಸ್ಟಿಕ್ ಬೇಡ.